ಅಜ್ಜಿ, ಮೇಷ್ಟ್ರು, ಪೊಲೀಸು

ಜನವರಿ 12

ಅಣ್ಣಾ,

ಮೂರು ವರ್ಷದ ಮೇಲೆ ನಿನಗೆ ಕಾಗದ ಬರೆಯುತ್ತಿದ್ದೇನೆ. ಹೋದ ವಾರ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನೀನು "ಏನು? ಏನಂದೆ? ಬಾಯಿ ಬಿಟ್ಟು ಹೇಳು" ಅಂದು, ಕೊನೆಗೆ ಫೋನನ್ನು ಅತ್ತಿಗೆ ಕೈಗೆ ಕೊಟ್ಟೆ. ನನ್ನ ಜೊತೆ ಮಾತಾಡಲು ಇಷ್ಟವಿಲ್ಲದಿದ್ದರೆ ಬೇಡ ಬಿಡು. ಕೆಲಸದ ಮಾತನ್ನಾದರೂ ಕಾಗದದಲ್ಲಿ ಆಡೋಣ.

ಈ ಪೊಟ್ಟಣದಲ್ಲಿ ನನ್ನ ಗಿಟಾರಿನ ಪಿಕಪ್ ಇದೆ, ತಂತಿಗಳ ಕೆಳಗೆ ಕೂತು ದನಿ ಹಿಡಿಯುವುದು. ನಾವಿಬ್ಬರೂ ಸೇರಿ ಮಾಡಿದ ಮೊಟ್ಟಮೊದಲನೆಯದು. ತಳದ ತಗಡಿನ ಮೇಲೆ ನೀನು ಬೆಸುಗೆ ಹಾಕುವಾಗ ಕೈ ಜಾರಿ ಮಾಡಿದ ಕಲೆ ಇನ್ನೂ ಹಾಗೇ ಇದೆ. ತಪ್ಪು ನನ್ನದೇ. ಹೋದ ತಿಂಗಳು ಹತ್ತು ದಿನ ಗಿಟಾರನ್ನು ದೊಡ್ಡ ಸ್ಪೀಕರಿನ ಬೆನ್ನಿಗೆ ಒರಗಿಸಿ ಇಟ್ಟಿದ್ದೆ. ಸ್ಪೀಕರಿನೊಳಗಿನ ಮ್ಯಾಗ್ನೆಟ್ಟು ನಮ್ಮ ಪಾಪದ ಮ್ಯಾಗ್ನೆಟ್ಟಿನ ಬಲವನ್ನೆಲ್ಲ ಕೆಡಿಸಿದೆ. ದನಿ ಸೋತುಹೋಗಿದೆ. ನಮ್ಮ ಅಜ್ಜಿ ನಿದ್ದೆ ಹೋಗಿದ್ದಾಳೆ.

ನಾನಿಟ್ಟ ಹೆಸರುಗಳು ನಿನಗೆ ಮರೆತಿರಬಹುದು. ಎರಡನೇ ನಂಬರಿನ ಆಲ್ನಿಕೋ ಮ್ಯಾಗ್ನೆಟ್ಟು ಅಜ್ಜಿ: ಬಲ ಕಡಿಮೆ, ತಂತಿಯನ್ನು ಎಳೆದಾಡುವುದಿಲ್ಲ, ಮಾತು ಮೆತ್ತಗೆ, ದುಂಡಗೆ. ಐದನೇ ನಂಬರಿನದು ಮೇಷ್ಟ್ರು: ಒಂದೊಂದು ಅಕ್ಷರವೂ ಕೊನೇ ಬೆಂಚಿಗೆ ಕೇಳಬೇಕು. ಸೆರಾಮಿಕ್‌ನದು ಪೊಲೀಸು: ಬಂದ ಕೂಡಲೇ ಸೀಟಿ. ಈ ಮೂವರನ್ನೂ ಒಂದೇ ಪಿಕಪ್ಪಿನ ಹೊಟ್ಟೆಗೆ ಒಬ್ಬರಾದ ಮೇಲೆ ಒಬ್ಬರನ್ನು ತಳ್ಳಿ, ನನ್ನನ್ನು ಗೋಡೆ ಕಡೆ ಕೂರಿಸಿ, "ಈಗ ಬಂದವರು ಯಾರು ಹೇಳು" ಅಂತ ನೀನು ಕೇಳುತ್ತಿದ್ದೆ. ನಾನು ಒಂದು ಸಲವೂ ತಪ್ಪಲಿಲ್ಲ.

ಏಪ್ರಿಲ್ ಐದಕ್ಕೆ ನನ್ನದೇ ಎಂಟು ರಾಗಗಳ ರೆಕಾರ್ಡಿಂಗ್ ಇದೆ. ಇಷ್ಟು ವರ್ಷ ಬೇರೆಯವರ ಹಿಂದೆ ನಿಂತು ಬಾರಿಸಿದ್ದು ಸಾಕಾಗಿದೆ. ಎಂಟನ್ನೂ ಈ ಒಂದು ದನಿಯನ್ನು ನಂಬಿಯೇ ಕಟ್ಟಿದ್ದೇನೆ. ಬೇರೆ ಏನೂ ಮುಟ್ಟಬೇಡ. ಅದೇ ಮ್ಯಾಗ್ನೆಟ್ಟಿಗೆ ಮತ್ತೆ ಬಲ ತುಂಬಿ ಕಳಿಸು, ಸಾಕು.

ಅತ್ತಿಗೆಯನ್ನು ಕೇಳಿದೆ ಅಂತ ಹೇಳು.

ನಿನ್ನ ತಂಗಿ


ಜನವರಿ 30

ತಂಗೀ,

ನಿನ್ನ ಕಾಗದ, ಪಿಕಪ್ ಎರಡೂ ಬಂದವು. ಪಿಕಪ್ಪನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಅದರ ಸ್ಕ್ರೂಗಳ ಗತಿ ನೋಡಿ ನೀನು ಇನ್ನೂ ಬೆವರಿದ ಕೈಯಲ್ಲೇ ಬಾರಿಸುತ್ತೀಯ ಅಂತ ಗೊತ್ತಾಯಿತು. ತುಕ್ಕು ತೆಗೆದಿದ್ದೇನೆ.

ಫೋನಿನ ವಿಷಯ. ನೀನು ಗೊಣಗುತ್ತೀಯ. ಚಿಕ್ಕಂದಿನಿಂದಲೂ ಅಷ್ಟೇ, ಅರ್ಧ ಮಾತು ಬಾಯಲ್ಲೇ ನುಂಗುವವಳು. ಈಗ ಊರಿಗೆ ಊರೇ ಗೊಣಗುತ್ತಿದೆ. ಗಿರಾಕಿಗಳು, ಅಂಚೆಯವನು, ನಿಮ್ಮತ್ತಿಗೆ ಸಮೇತ ಎಲ್ಲರೂ ಹಲ್ಲು ಕಚ್ಚಿಕೊಂಡು ಮಾತಾಡುತ್ತಾರೆ. ಕಾಗದವೇ ವಾಸಿ.

ನಿನ್ನ ಕೆಲಸಕ್ಕೆ ಎರಡು ದಿನ ಹಿಡಿಯಿತು. ಬೇಕಾದ್ದು ಮಾಡಿದ್ದೇನೆ. ಈಗ ಇದರ ದನಿ ಮೊದಲ ದಿನ ಮೇಜಿನ ಮೇಲೆ ಕೇಳಿದ ಹಾಗೇ ಇದೆ. ಮೀಟಿ ಮೀಟಿ ನೋಡಿ, ತೃಪ್ತಿಯಾದ ಮೇಲೇ ಕಳಿಸುತ್ತಿದ್ದೇನೆ. ನಿನ್ನ ಎಂಟಕ್ಕೂ ಒಳ್ಳೆಯದಾಗಲಿ.

ಇಲ್ಲಿ ಕೆಲಸ ಸ್ವಲ್ಪ ಸಡಿಲವಾಗಿತ್ತು. ಹೋದ ವರ್ಷ ಕೆಲವರು ಪಿಕಪ್ ವಾಪಸ್ ತಂದರು. ಈಗಿನವರಿಗೆ ಏನು ಬೇಕು ಅಂತ ಅವರಿಗೇ ಗೊತ್ತಿಲ್ಲ. ಆದರೆ ಈಗ ಗಿಟಾರ್ ಕಟ್ಟುವ ಒಬ್ಬ ಗಡ್ಡದವನು ಆರು ಜೊತೆ ಕೇಳಿದ್ದಾನೆ. ಒಪ್ಪಿಗೆಯಾದರೆ ಅವನು ಕಟ್ಟುವ ಎಲ್ಲ ಗಿಟಾರಿಗೂ ನಮ್ಮದೇ. ಆಗದಿದ್ದರೆ ಈ ಅಂಗಡಿಯ ಬಾಗಿಲು ಹಾಕಬೇಕಾದೀತು. ಅದಕ್ಕೇ ಹಗಲೆಲ್ಲ ಸುತ್ತುವ ಯಂತ್ರದ ಮುಂದೆಯೇ ಕೂತಿರುತ್ತೇನೆ. ಕೂದಲೆಳೆಯಂಥ ತಾಮ್ರದ ತಂತಿ, ಒಂದೊಂದು ಸುರುಳಿಗೂ ಐದು ಸಾವಿರ ಸುತ್ತು. ಕೈ ಇನ್ನೂ ನಡುಗಿಲ್ಲ.

ಅಣ್ಣ


ಫೆಬ್ರವರಿ 9

ಅಣ್ಣಾ,

ನಾನು ಚೆನ್ನಾಗಿದ್ದೇನೆ ಅಂತ ಬರೆದು ಶುರು ಮಾಡಬೇಕು. ಆದರೆ ಚೆನ್ನಾಗಿಲ್ಲ, ಮೈಯೆಲ್ಲ ಉರಿಯುತ್ತಿದೆ.

ಪಿಕಪ್ ಹಾಕಿ ಮೀಟಿದೆ. ಮೇಲಿನ ಎರಡು ತಂತಿ ಸೂಜಿ ಹಿಡಿದು ಕಿವಿಗೆ ಚುಚ್ಚಿದ ಹಾಗಿದೆ. ಸ್ವಿಚ್ಚು ಕೆಟ್ಟಿದೆಯೇನೋ ಅಂತ ನೋಡಿದೆ, ತಂತಿ ಬದಲಾಯಿಸಿದೆ, ಪಿಕಪ್ಪನ್ನು ಎಷ್ಟು ಆಗುತ್ತೋ ಅಷ್ಟು ಕೆಳಗಿಳಿಸಿದೆ. ಡ್ರಮ್ಮು ಬಾರಿಸುವವನು "ಯಾರಾದರೂ ತಗಡು ಕುಯ್ಯುತ್ತಿದ್ದಾರಾ?" ಅಂತ ಕೇಳಿದ. ಕೊನೆಗೆ ಬಿಚ್ಚಿ ನೋಡಿದರೆ ನಮ್ಮ ಬೆಳ್ಳಗಿನ ಒರಟು ಮ್ಯಾಗ್ನೆಟ್ಟೇ ಇಲ್ಲ. ಅದರ ಜಾಗದಲ್ಲಿ ಸ್ಲೇಟಿನಂಥ ಕಪ್ಪು ತುಂಡು. ಪೊಲೀಸು!

ಏನೂ ಮುಟ್ಟಬೇಡ ಅಂತ ಬರೆದಿದ್ದೆ. ನೀನು ಅಜ್ಜಿಯನ್ನು ಮನೆಯಿಂದ ಆಚೆ ಹಾಕಿ, "ಬೇಕಾದ್ದು ಮಾಡಿದ್ದೇನೆ" ಅಂತ ಬರೆದೆ. ಬದಲಾಯಿಸಿದ್ದೇನೆ ಅನ್ನೋ ಒಂದು ಮಾತೂ ಇಲ್ಲ. ಇದು ಯಾವ ಸಿಟ್ಟು, ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ಮೂರು ವರ್ಷದ ಹಿಂದೆ ಒಬ್ಬ ಗಿರಾಕಿ ಪಿಕಪ್ ಡಬ್ಬಿಯ ಚೀಟಿಯಲ್ಲಿ ನಿನ್ನೊಬ್ಬನ ಹೆಸರು ನೋಡಿ, ನನ್ನನ್ನು ತೋರಿಸಿ, "ಕೇಳಿ ಆರಿಸೋದು ಇವರು ತಾನೆ, ಇವರ ಹೆಸರೂ ಹಾಕಿ" ಅಂದ. ಅದಕ್ಕೆ ನೀನು ಅವನ ಮುಂದೆಯೇ, "ಕಿವಿ ಎಲ್ಲರಿಗೂ ಇರುತ್ತೆ ಸ್ವಾಮಿ, ಈ ಕೈ ಇರೋದು ನನಗೊಬ್ಬನಿಗೆ" ಅಂದೆ. ಹನ್ನೊಂದು ವರ್ಷ ನಿನ್ನ ಪಕ್ಕದಲ್ಲಿ ಕೂತು ಒಂದೊಂದು ಪಿಕಪ್ಪಿಗೂ ಯಾವ ಮ್ಯಾಗ್ನೆಟ್ಟು ಅಂತ ಹೇಳಿದ್ದು ನಾನು. ಅವತ್ತೇ ಬ್ಯಾಗು ತುಂಬಿಕೊಂಡು ಹೊರಟೆ. ನೀನು ತಲೆ ಎತ್ತಿ ನೋಡಲಿಲ್ಲ, ಸುತ್ತುತ್ತಲೇ ಇದ್ದೆ.

ಸೇಡು ತೀರಿಸಿಕೊಳ್ಳಬೇಕಿದ್ದರೆ ಬೇರೆ ದಾರಿ ಹುಡುಕಬೇಕಿತ್ತು. ಇದು ಸರಿಯಿದೆ ಅಂತ ಕಿವುಡನೂ ಹೇಳುವುದಿಲ್ಲ.

ನನ್ನ ಮ್ಯಾಗ್ನೆಟ್ಟು ವಾಪಸ್ ಕಳಿಸು.

ತಂಗಿ


ಫೆಬ್ರವರಿ 21

ತಂಗೀ,

ಸೇಡಂತೆ ಸೇಡು. ಸೇಡು ತೀರಿಸಿಕೊಳ್ಳುವವನು ಎರಡು ದಿನ ಊಟ ಬಿಟ್ಟು ಕೂರುತ್ತಾನಾ?

ನಿನ್ನ ಅಜ್ಜಿಗೆ ಬಲ ತುಂಬಿದೆ. ಒಂದಲ್ಲ, ಮೂರು ಸಲ. ಮೀಟರಿನ ಮುಳ್ಳು ಸರಿಯಾದ ಜಾಗಕ್ಕೇ ಬಂತು. ಹಾಕಿ ಮೀಟಿದರೆ ದನಿಗೆ ಜೀವವೇ ಇಲ್ಲ, ಕಂಬಳಿ ಹೊದ್ದು ಮಲಗಿದ ಹಾಗೆ. ಮೇಷ್ಟ್ರನ್ನು ಹಾಕಿದೆ, ಅವರೂ ಅಷ್ಟಕ್ಕಷ್ಟೆ. ಪೊಲೀಸು ಬಂದಮೇಲೆ ಆ ಹಳೇ ಹೊಳಪು ಬಂತು. ನಾನು ಮೀಟರನ್ನು ನಂಬುವವನಲ್ಲ, ಕಿವಿಯನ್ನು ನಂಬುವವನು. ಹೇಳಿದರೆ ಹಟ ಹಿಡಿಯುತ್ತೀಯ ಅಂತ ಹೇಳಲಿಲ್ಲ, ಅದು ತಪ್ಪು. ಆದರೆ ಕೆಲಸ ತಪ್ಪಲ್ಲ. ನಿನ್ನ ಅಜ್ಜಿ ಸತ್ತಳು. ಗುಜರಿ ಡಬ್ಬಕ್ಕೆ ಹಾಕಿದೆ.

ಸ್ಪೀಕರಿನ ಮುಂದೆ ನಿಂತು ನಿಂತು ಕೆಟ್ಟಿರುವುದು ನಿನ್ನ ಕಿವಿ. ಹೋಗಿ ಡಾಕ್ಟರಿಗೆ ತೋರಿಸು.

ಗಡ್ಡದವನು ಮೊದಲ ಜೊತೆಯನ್ನು ವಾಪಸ್ ಕಳಿಸಿದ್ದಾನೆ. "ಕೀರಲು" ಅಂತ ಒಂದೇ ಪದ ಬರೆದಿದ್ದಾನೆ. ನಿಮಗೆಲ್ಲ ಏನಾಗಿದೆ?

ಅಣ್ಣ


ಮಾರ್ಚ್ 6

ನಾದಿನೀ,

ನಾನು ನಿಮ್ಮತ್ತಿಗೆ. ನಿಮ್ಮಣ್ಣನಿಗೆ ತಿಳಿಯದಂತೆ ಬರೆಯುತ್ತಿದ್ದೇನೆ. ಅವರು ತಾಮ್ರದ ತಂತಿ ತರಲು ಹೋಗಿದ್ದಾರೆ.

ಇದರ ಜೊತೆ ಇರುವ ಕಾಗದದ ಸುರುಳಿ ಬಿಚ್ಚು. ಅವರು ಗುಜರಿ ಡಬ್ಬಕ್ಕೆ ಎಸೆದದ್ದನ್ನು ಆವತ್ತೇ ತೆಗೆದು ಸೀರೆಯ ಕಪಾಟಿನಲ್ಲಿ ಇಟ್ಟಿದ್ದೆ. ಇದು ನಿಮ್ಮಿಬ್ಬರಿಗೆ ಏನು ಅಂತ ನನಗೆ ಗೊತ್ತಿಲ್ಲವೇ? ಬೇರೆ ಕಬ್ಬಿಣ ಸೋಕದಂತೆ ದಪ್ಪ ರಟ್ಟು ಸುತ್ತಿದ್ದೇನೆ. ದಿಕ್ಕು ತಪ್ಪದಿರಲಿ ಅಂತ ಒಂದು ಅಂಚಿಗೆ ಹಚ್ಚಿದ ಕೆಂಪು ಬಣ್ಣ ಹಾಗೇ ಇದೆ. ಹಾಕಿ ನೋಡು, ನನಗೆ ಬರೆ.

ಇನ್ನೊಂದು ಮಾತು. ಹೇಗೆ ಹೇಳಬೇಕೋ ತಿಳಿಯದೆ ಮೂರು ಸಲ ಹರಿದು ಹಾಕಿದೆ. ಹೋದ ವರ್ಷ ಇವರು ಹೊಸ ಅಲಾರಂ ಗಡಿಯಾರ ತಂದರು, ಕೀಂ ಕೀಂ ಅನ್ನುವಂಥದ್ದು. ಕೂಗುವುದೇ ಇಲ್ಲ ಅಂತ ಅಂಗಡಿಯವನ ಜೊತೆ ಜಗಳವಾಡಿ ಎರಡು ಸಲ ಬದಲಾಯಿಸಿಕೊಂಡು ಬಂದರು. ಗಡಿಯಾರಕ್ಕೆ ಏನೂ ಆಗಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಕೂಗುತ್ತದೆ, ನಾನು ಎದ್ದು ಆರಿಸುತ್ತೇನೆ, ಆಮೇಲೆ ಅವರ ತೋಳು ಮುಟ್ಟಿ ಎಬ್ಬಿಸುತ್ತೇನೆ. ಫೋನು ನಾನೇ ಎತ್ತುತ್ತೇನೆ. ಗಿರಾಕಿ ಬಂದರೆ ಪಕ್ಕದಲ್ಲಿ ನಿಂತು ಅವನು ಹೇಳಿದ್ದನ್ನೇ ನನ್ನ ಮಾತು ಅನ್ನೋ ಹಾಗೆ ಇನ್ನೊಂದು ಸಲ ಹೇಳುತ್ತೇನೆ. ಎರಡು ವರ್ಷದಿಂದ ಹೀಗೇ ನಡೆದಿದೆ. ಇವರ ಮಾನ ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ಈಗ ನೋಡಿದರೆ ಇವರ ಅನ್ನಕ್ಕೆ ನಾನೇ ಕಲ್ಲು ಹಾಕಿದ ಹಾಗಾಯಿತು.

ನಿನ್ನ ಸಿಟ್ಟಿನ ಕಾಗದ ಬಂದ ದಿನ ಓದಿ ಮಡಿಸಿ ಜೇಬಿಗೆ ಹಾಕಿಕೊಂಡರು. "ಕಿವುಡನೂ ಹೇಳುವುದಿಲ್ಲ" ಅಂತ ಬರೆದಿದ್ದೆಯಂತಲ್ಲ. ಮಾರನೇ ದಿನ ನಾನು ಒಳಗೆ ಹೋದಾಗ ಆ ಗಡಿಯಾರವನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಕೂತಿದ್ದರು. ನನ್ನನ್ನು ನೋಡಿ, "ಸೆಲ್ಲು ಹೋಗಿರಬೇಕು" ಅಂದರು. ಹೂಂ ಅಂದೆ. ಅದು ಆಗ ಕೂಗುತ್ತಿತ್ತಮ್ಮ.

ನಿಮ್ಮತ್ತಿಗೆ


ಮಾರ್ಚ್ 15

ಅತ್ತಿಗೆಗೆ ನಮಸ್ಕಾರ,

ಮ್ಯಾಗ್ನೆಟ್ಟು ಹಾಕಿದೆ. ನಾಲ್ಕು ಸ್ಕ್ರೂ ಸಡಿಲಿಸಿ, ಕಪ್ಪು ತುಂಡನ್ನು ತಳ್ಳಿ ಇದನ್ನು ತೂರಿಸಿದೆ. ಒಂದು ಸ್ಕ್ರೂ ಉರುಳಿ ಮಂಚದ ಕೆಳಗೆ ಹೋಯಿತು, ಹುಡುಕಲು ಅರ್ಧ ಗಂಟೆ.

ಮೀಟಿದೆ. ಅಜ್ಜಿ ಎದ್ದು ಕೂತಿದ್ದಾಳೆ ಅತ್ತಿಗೆ. ಒಂದು ಚೂರೂ ಕೆಟ್ಟಿಲ್ಲ. ಸ್ಪೀಕರಿಗೆ ಒರಗಿಸುವ ಮೊದಲು ಹೇಗಿದ್ದಳೋ ಹಾಗೇ. ಅಣ್ಣ ಬಲ ತುಂಬಿದ್ದು ನೂರಕ್ಕೆ ನೂರು ಸರಿ. ಕೆಲಸ ಮುಗಿದಿತ್ತು. ಅದು ಅವನಿಗೆ ಕೇಳಿಸಲಿಲ್ಲ, ಅಷ್ಟೇ.

ಆಮೇಲೆ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡೇ ತುಂಬಾ ಹೊತ್ತು ಅತ್ತೆ.

ಇನ್ನೊಂದು ನಿಜ ಹೇಳಿಬಿಡುತ್ತೇನೆ. ಅತ್ತು ಮುಗಿದ ಮೇಲೆ ಅವನಿಗೊಂದು ಕಾಗದ ಬರೆದೆ. "ಕಿವಿ ಎಲ್ಲರಿಗೂ ಇರುತ್ತೆ ಅಂದಿದ್ದೆಯಲ್ಲ, ನಿನ್ನದು ಎಲ್ಲಿ ಹೋಯಿತು?" ಅಂತ. ಬರೆಯುವಾಗ ಹಾಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಲಕೋಟೆಗೆ ಅಂಟು ಹಚ್ಚಿ ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಕಳಿಸಲು ಆಗಲಿಲ್ಲ. ಮೊದಲೇ ಒಂದು ಸಲ ಗೊತ್ತಿಲ್ಲದೆ ಹೊಡೆದಿದ್ದೇನೆ. ಗೊತ್ತಿದ್ದೂ ಹೊಡೆಯುವುದು ನನ್ನಿಂದಾಗದು.

ಆದರೆ ಮುಚ್ಚಿಡುವುದು ಸಾಕು ಅತ್ತಿಗೆ. ನೀವು ಹೇಳಿದರೂ ನಂಬುವುದಿಲ್ಲ, ನಾನು ಹೇಳಿದರಂತೂ ಜಗಳವೇ. ಅವನ ಆಟವನ್ನೇ ಅವನಿಗೆ ಆಡಿಸಿ. ಒಂದೇ ಪಿಕಪ್ಪು, ಅಂಗಡಿಯಲ್ಲಿರುವ ಮೂರು ಬಗೆಯ ಮ್ಯಾಗ್ನೆಟ್ಟು. ಅವನನ್ನು ಗೋಡೆ ಕಡೆ ಕೂರಿಸಿ. ಕೆಂಪು ಹಚ್ಚಿದ ಅಂಚು ಪ್ರತಿ ಸಲವೂ ಒಂದೇ ಕಡೆ ಇರಲಿ. ಯಾರು ಬಂದರು ಅಂತ ಕೇಳಿ, ಅವನು ಏನೇ ಹೇಳಿದರೂ ನೀವು ಸರಿ ತಪ್ಪು ಅನ್ನಬೇಡಿ. ಆ ಮೂರನ್ನೂ ಅವನ ಮುಂದೆ ಇಟ್ಟು ಸುಮ್ಮನಿರಿ. ಅವನು ತನ್ನ ಕೆಲಸಕ್ಕೆ ಯಾವತ್ತೂ ಸುಳ್ಳು ಹೇಳಿದವನಲ್ಲ.

ಗಡ್ಡದವರಿಗೆ ಇನ್ನೂ ಏನೂ ಕಳಿಸದ ಹಾಗೆ ನೋಡಿಕೊಳ್ಳಿ.

ನಿಮ್ಮ ನಾದಿನಿ


ಏಪ್ರಿಲ್ 28

ತಂಗೀ,

ನಿನ್ನ ರೆಕಾರ್ಡಿಂಗ್ ಮುಗಿದಿರಬೇಕು. ಹೇಗಾಯಿತು ಅಂತ ಕೇಳುವ ಮುಖ ನನಗಿಲ್ಲ.

ನಿಮ್ಮತ್ತಿಗೆ ಆಟ ಆಡಿಸಿದಳು. ಯಾರು ಹೇಳಿಕೊಟ್ಟದ್ದು ಅಂತ ಆಮೇಲೆ ತಿಳಿಯಿತು. ಹುಡುಗಾಟಕ್ಕೆ ಅಂದುಕೊಂಡು ನಕ್ಕುಕೊಂಡೇ ಕೂತೆ. ಮೊದಲನೆಯದು ಮೀಟಿದಳು, ಅಜ್ಜಿ ಅಂದೆ. ಎರಡನೆಯದಕ್ಕೂ ಅಜ್ಜಿ, ಮೋಸ ಮಾಡಬೇಡ, ಬದಲಾಯಿಸು ಅಂದೆ. ಮೂರನೆಯದಕ್ಕೆ ತುಂಬಾ ಹೊತ್ತು ಯೋಚಿಸಿ ಅಜ್ಜಿಯೇ ಇರಬೇಕು ಅಂದೆ. ಅವಳು ಉಳಿದೆರಡನ್ನು ನನ್ನ ಮುಂದೆ ಇಟ್ಟಳು. ತಿರುಗಿ ನೋಡಿದರೆ ಬಿಚ್ಚಿಟ್ಟ ಪಿಕಪ್ಪಿನ ಹೊಟ್ಟೆಯಲ್ಲಿ ಕಪ್ಪು ತುಂಡು. ಅವಳ ಕಣ್ಣಲ್ಲಿ ನೀರು. ಅದನ್ನು ನಾನೇ ತೆಗೆದು ಉಳಿದೆರಡರ ಪಕ್ಕ ಇಟ್ಟೆ.

ಹದಿನೈದು ದಿನ ಅಂಗಡಿ ತೆರೆಯಲಿಲ್ಲ. ಆಮೇಲೆ ಡಾಕ್ಟರ ಹತ್ತಿರ ಹೋದೆ. ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಕಟ್ಟಿ, ಶಬ್ದ ಬಂದಾಗೆಲ್ಲ ಗುಂಡಿ ಒತ್ತಿ ಅಂದರು. ಒತ್ತುತ್ತಾ ಹೋದೆ. ಆಮೇಲೆ ಒತ್ತಲು ಏನೂ ಬರಲೇ ಇಲ್ಲ. ಆಯಿತಾ ಅಂತ ಗಾಜಿನಾಚೆ ನೋಡಿದರೆ ಆ ಹೆಣ್ಣುಮಗಳು ಇನ್ನೂ ಶಬ್ದ ಕೊಡುತ್ತಲೇ ಇದ್ದಳು. ಡಾಕ್ಟರು ಗೆರೆ ಎಳೆದ ಹಾಳೆ ತೋರಿಸಿದರು. ದಪ್ಪ ದನಿಗಳ ಕಡೆ ಗೆರೆ ನೆಟ್ಟಗಿದೆ, ಸಣ್ಣ ದನಿಗಳ ಕಡೆ ಬರುತ್ತಾ ಬರುತ್ತಾ ಬಾವಿಗೆ ಇಳಿದ ಹಾಗೆ. ಹೋದದ್ದು ಬರುವುದಿಲ್ಲವಂತೆ. ಕಿವಿಗೆ ಇಡುವ ಯಂತ್ರ ಕೊಡುತ್ತಾರೆ. ಮಾತಿಗೆ ಅದು ಸಾಕಂತೆ. ನಮ್ಮ ಕೆಲಸಕ್ಕೆ ಸಾಕಾ ಅಂತ ಕೇಳಿದೆ. ಅವರು ಹಾಳೆ ಮಡಿಸಿ ಕೊಟ್ಟರು.

ನನಗೆ ಕೇಳಿಸುತ್ತಿಲ್ಲ ತಂಗಿ. ಎಲ್ಲರೂ ಗೊಣಗುತ್ತಾರೆ ಅಂದುಕೊಂಡಿದ್ದೆ. ವಾಪಸ್ ಬಂದ ಪಿಕಪ್ಪುಗಳನ್ನೆಲ್ಲ ಮೊನ್ನೆ ಬಿಚ್ಚಿ ನೋಡಿದೆ. ಒಂದೊಂದರಲ್ಲೂ ಪೊಲೀಸು. ಎರಡು ವರ್ಷದಿಂದ ಊರಿನವರ ಕಿವಿಗೆಲ್ಲ ಸೀಟಿ ಊದಿದ್ದೇನೆ. ನೀನು ಇದ್ದಿದ್ದರೆ ಮೊದಲ ದಿನವೇ ಹೇಳುತ್ತಿದ್ದೆ. ನೀನು ಇರಲಿಲ್ಲ, ಯಾಕೆಂದರೆ ನಾನು ಇರಿಸಿಕೊಳ್ಳಲಿಲ್ಲ.

ಅವತ್ತು ನೀನು ಬ್ಯಾಗು ತೆಗೆದುಕೊಂಡು ಬಾಗಿಲು ದಾಟಿದಾಗ ನಾನು ತಲೆ ಎತ್ತಲಿಲ್ಲ ಅಂದೆಯಲ್ಲ. ನಿಜ. ತಲೆ ಎತ್ತಿದರೆ ಬೇಡ ಹೋಗಬೇಡ ಅನ್ನಬೇಕಾಗಿತ್ತು. ಆ ಸುರುಳಿಯ ಲೆಕ್ಕ ತಪ್ಪಿ, ಮಾರನೇ ದಿನ ಅದನ್ನೆಲ್ಲ ಬಿಚ್ಚಿದೆ. ನಿನ್ನಿಂದ ಕಲಿತದ್ದನ್ನೂ ನನ್ನದೇ ಅಂತ ಹೇಳಿಕೊಂಡು ಬದುಕಿದವನು ನಾನು. ತಪ್ಪಾಯಿತು. ಇದನ್ನು ಫೋನಿನಲ್ಲಿ ಹೇಳಬೇಕಿತ್ತು, ಆದರೆ ನೀನು ಏನು ಉತ್ತರ ಕೊಟ್ಟೆ ಅಂತ ನಿಮ್ಮತ್ತಿಗೆಯನ್ನು ಕೇಳಬೇಕಾಗುತ್ತದೆ ಅಂತ ನಾಚಿಕೆಯಾಗಿ ಬರೆಯುತ್ತಿದ್ದೇನೆ.

ಗಡ್ಡದವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಜೂನ್ ಕೊನೆಯವರೆಗೆ ಕಾಯುತ್ತೇನೆ ಅಂದ. ದೊಡ್ಡ ಡಬ್ಬಿಯಲ್ಲಿ ಆರು ಜೊತೆಯೂ ಇವೆ. ಸುತ್ತು ಮುಗಿದಿದೆ, ತಂತಿ ಅಲುಗದ ಹಾಗೆ ಮೇಣದಲ್ಲಿ ಅದ್ದಿದ್ದೇನೆ. ಹೊಟ್ಟೆ ಮಾತ್ರ ಖಾಲಿ. ಮ್ಯಾಗ್ನೆಟ್ಟುಗಳು ಬೇರೆ ಪೊಟ್ಟಣದಲ್ಲಿವೆ. ಯಾವುದಕ್ಕೆ ಯಾರು ಅಂತ ನೀನೇ ಕೇಳಿ ಹಾಕು. ಆಗದಿದ್ದರೆ ಹಾಗೇ ವಾಪಸ್ ಕಳಿಸು, ಬೇಜಾರಿಲ್ಲ. ಬೇಜಾರಿದೆ, ಆದರೆ ಕೇಳುವ ಹಕ್ಕಿಲ್ಲ.

ಚೀಟಿಗಳನ್ನು ಹೊಸದಾಗಿ ಅಚ್ಚು ಹಾಕಿಸಿದ್ದೇನೆ. ಮೇಲೆ "ಸುತ್ತಿದ್ದು" ಅಂತ ಇದೆ, ಅಲ್ಲಿ ನನ್ನ ಹೆಸರು. ಕೆಳಗೆ "ಕೇಳಿದ್ದು" ಅಂತ ಇದೆ. ಅದರ ಮುಂದೆ ಜಾಗ ಬಿಟ್ಟಿದ್ದೇನೆ. ನೀನು ಬರೆಯದಿದ್ದರೆ ಅದು ಖಾಲಿಯೇ ಇರುತ್ತದೆ. ಅಲ್ಲಿ ಬರೆಯಲು ನನಗೆ ಬೇರೆ ಹೆಸರಿಲ್ಲ.

ಅಣ್ಣ


ಮೇ 25

ಅಣ್ಣಾ,

ನಿನ್ನ ಕಾಗದ ಬಂದು ಮೂರು ವಾರ ಡಬ್ಬಿ ತೆರೆಯಲಿಲ್ಲ. ತೆರೆದರೆ ಎಲ್ಲವನ್ನೂ ಮರೆತ ಹಾಗಾಗುತ್ತದೆ ಅಂತ ಹಟ. ನಾನು ಪೂರ್ತಿ ಮರೆತಿಲ್ಲ. ಕಿವಿ ಎಲ್ಲರಿಗೂ ಇರುತ್ತೆ ಅಂದ ಆ ಮಾತು ಈಗಲೂ ಒಮ್ಮೊಮ್ಮೆ ಎದ್ದು ಬಂದು ಎದೆಗೆ ಒದೆಯುತ್ತದೆ. ನಿನಗೆ ಅದು ಗೊತ್ತಿರಲಿ. ಕಿವುಡ ಅಂತ ನಾನು ಬರೆದ ಕಾಗದವನ್ನು ನೀನು ಜೇಬಿನಲ್ಲಿ ಇಟ್ಟುಕೊಂಡಿದ್ದೆ ಅಂತಲೂ ಕೇಳಿದೆ. ಅದನ್ನು ಹರಿದು ಹಾಕು. ನನ್ನದೂ ತಪ್ಪು. ರೆಕಾರ್ಡಿಂಗ್ ಆಯಿತು, ಎಂಟರಲ್ಲೂ ಅಜ್ಜಿಯೇ ಮಾತಾಡಿದ್ದಾಳೆ.

ಕೊನೆಗೆ ತೆರೆದೆ. ಒಂದೊಂದಾಗಿ ಹಾಕಿ ಕೇಳಿದೆ, ನಾಲ್ಕು ದಿನ ಆಯಿತು. ಗಿಟಾರಿನ ಕುತ್ತಿಗೆ ಕಡೆ ಕೂರುವವಕ್ಕೆಲ್ಲ ಅಜ್ಜಿಯೇ ಸರಿ. ತಂತಿಗಳ ಬುಡದಲ್ಲಿ, ಸೇತುವೆ ಕಡೆ ಕೂರುವ ಐದಕ್ಕೆ ಮೇಷ್ಟ್ರು. ಮೂರನೇ ಜೊತೆಯ ಸೇತುವೆ ಕಡೆಯದು ಮಾತ್ರ ಮೇಷ್ಟ್ರನ್ನು ಹಾಕಿದರೂ ಮಂಕಾಗಿತ್ತು. ಅದಕ್ಕೆ ಪೊಲೀಸನ್ನು ಹಾಕಿದೆ, ನಂಬು. ಅವನಿಗೂ ಒಂದು ಕೆಲಸ ಸಿಕ್ಕಿತು.

ಎಲ್ಲವೂ ಈ ಡಬ್ಬಿಯಲ್ಲಿವೆ, ಒಂದನ್ನು ಮಾತ್ರ ನೀನು ಸರಿಮಾಡಬೇಕು. ಐದನೇ ಜೊತೆಯ ಕುತ್ತಿಗೆ ಕಡೆಯದು. ದನಿ ಜೋರು ಮಾಡಿದರೆ ಕೀಚಲು ಕೂಗುತ್ತದೆ. ಒಳಗಿನ ಸುತ್ತುಗಳಿಗೆ ಮೇಣ ಇಳಿದಿಲ್ಲ. ನಿನಗೆ ಕೇಳಿಸುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಇನ್ನೊಂದು ಸಲ ಅದ್ದು. ಗುಳ್ಳೆ ಪೂರ್ತಿ ನಿಲ್ಲುವವರೆಗೆ ತೆಗೆಯಬೇಡ, ನಿನಗೆ ಮೊದಲಿಂದಲೂ ಆತುರ.

ಉಳಿದ ಹನ್ನೊಂದರ ಚೀಟಿಯಲ್ಲಿ ನನ್ನ ಹೆಸರು ಬರೆದಿದ್ದೇನೆ. ಮೊದಲನೆಯದರಲ್ಲಿ ಅಕ್ಷರ ಸೊಟ್ಟಗಾಗಿದೆ, ಅದನ್ನು ಬದಲಾಯಿಸಬೇಡ.

ಕಿವಿಯ ಯಂತ್ರ ಬಂದಿದೆಯಂತೆ, ನೀನು ಹಾಕಿಕೊಳ್ಳದೆ ಕಪಾಟಿನಲ್ಲಿ ಇಟ್ಟಿದ್ದೀಯಂತೆ. ಭಾನುವಾರ ಹತ್ತಕ್ಕೆ ಫೋನ್ ಮಾಡುತ್ತೇನೆ. ಅದನ್ನು ಹಾಕಿಕೊಂಡು ನೀನೇ ಎತ್ತು, ಅತ್ತಿಗೆಗೆ ಕೊಡಬೇಡ. ನಾನು ಒಂದೊಂದೇ ಮಾತು, ನಿಧಾನವಾಗಿ ಹೇಳುತ್ತೇನೆ. ಗೊಣಗುವುದಿಲ್ಲ.

ತಂಗಿ